ಮೂರನೇ ಚೀಲ

ಕೊಪ್ಪಳದ ಹತ್ತಿರದ ಕಬ್ಬಿಣದ ಕಾರ್ಖಾನೆಯೊಂದರ ಪ್ರಯೋಗಾಲಯಕ್ಕೆ ನಾನು ಸೇರಿದ್ದು ಬಿ.ಎಸ್ಸಿ. ಮುಗಿಸಿದ ವರ್ಷವೇ. ಅಳವಂಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ನಮಗೆ ಬೇಕಾದ ಕಲ್ಲಿದ್ದಲು ದೂರದ ಸರ್ಕಾರಿ ಗಣಿಗಳಿಂದ ರೈಲಿನಲ್ಲಿ ಬರುತ್ತಿತ್ತು. ಅದರಲ್ಲಿ ಚಿಟಿಕೆಯಷ್ಟನ್ನು ಸುಟ್ಟು, ಎಷ್ಟು ಬೂದಿ ಉಳಿಯಿತೆಂದು ತೂಗಿ ಬರೆಯುವುದು ನನ್ನ ಕೆಲಸ. ಬೂದಿ ಕಡಿಮೆಯಾದಷ್ಟೂ ಕಲ್ಲಿದ್ದಲು ಒಳ್ಳೆಯದು.

ಗಣಿಗೆ ಹೋಗಿ ಮಾದರಿ ತರುತ್ತಿದ್ದವರು ಕುಷ್ಟಗಿಯ ಹಿರಿಯರೊಬ್ಬರು. ಕಾರ್ಖಾನೆಗೆಲ್ಲ ಅವರು ಚಾಚಾ. ರೈಲಿನಲ್ಲಿ ಚೀಲವನ್ನು ತೊಡೆಯ ಮೇಲಿಂದ ಇಳಿಸುತ್ತಲೇ ಇರಲಿಲ್ಲವಂತೆ. ಚಹಾ ಕುಡಿಯುತ್ತಾ ಅವರೇ ನನಗೆ ಮಾದರಿ ತೆಗೆಯುವ ನಿಯಮ ಬಿಡಿಸಿ ಹೇಳಿದರು.

"ಯಾವ ಗಣೀದು ಯಾವ ದರ್ಜೆ ಅಂತ ಸರಕಾರದ ಆಫೀಸಿನವ್ರು ಮೊದಲ ಹೇಳಿರ್ತಾರ ಬೇಟಾ. ವ್ಯಾಗನ್ ತುಂಬುಮುಂದ ಗಣಿಯವ್ರು, ನಾನು, ಇಬ್ರಿಗೂ ಸಂಬಂಧ ಇಲ್ಲದ ಇನ್ನೊಬ್ರು, ಮೂರೂ ಮಂದಿ ನಿಂತು ಮಾದರಿ ತಗೀತೀವಿ. ಪುಡಿ ಮಾಡಿ ಮೂರು ಚೀಲ. ಒಂದು ಅವರಿಗೆ, ಒಂದು ನಮಗ. ಮೂರನೇದಕ್ಕ ಸೀಲು ಹೊಡದು ಇಡ್ತಾರ. ಜಗಳ ಬಂದ್ರ ಅಷ್ಟ ಅದನ್ನ ಸರಕಾರದ ಲ್ಯಾಬಿನ್ಯಾಗ ಬಿಚ್ಚೋದು. ಅವರು ಹೇಳಿದ್ದ ಕಡೀ ಮಾತು."

ಆ ಬೇಸಿಗೆಯಲ್ಲಿ ಬಂದ ಒಂದು ಮಾದರಿಯಲ್ಲಿ ಬೂದಿ ವಿಪರೀತ ಕಂಡಿತು. ಹೇಳಿದ ದರ್ಜೆಗಿಂತ ಎರಡು ಮೆಟ್ಟಿಲು ಕೆಳಗೆ. ನಾನು ವರದಿ ಕೊಟ್ಟೆ. ಗಂಗಾವತಿಯವರಾದ ನಮ್ಮ ಮ್ಯಾನೇಜರು ಅಂದೇ ಗಣಿಯವರಿಗೆ ದೂರು ಬರೆದು, ಮೂರನೇ ಚೀಲ ಬಿಚ್ಚಿಸಬೇಕೆಂದು ಕೇಳಿದರು. "ಛಲೋ ಹಿಡದ್ರಿ ನೋಡ್ರಿ" ಎಂದು ನನ್ನನ್ನು ಹೊಗಳಿದರು. ಮನೆಗೆ ಬಂದು ಅವ್ವನ ಮುಂದೆ ಅದನ್ನೇ ಎರಡು ಸಲ ಹೇಳಿದೆ.

ಮರುದಿನ ಆ ಮಾದರಿ ಸುಟ್ಟ ಬಟ್ಟಲನ್ನು ತೊಳೆಯಲು ಎತ್ತಿಕೊಂಡಾಗ ಕೈ ನಿಂತಿತು. ಬೂದು ಬಣ್ಣದ ಬೂದಿಯ ನಡುವೆ ಕಪ್ಪು ಚುಕ್ಕೆಗಳಿದ್ದವು. ಕಲ್ಲಿದ್ದಲು ಪೂರ್ತಿ ಸುಟ್ಟೇ ಇರಲಿಲ್ಲ. ಉಳಿದ ಕಲ್ಲಿದ್ದಲನ್ನೂ ಬೂದಿಯೆಂದೇ ತೂಗಿದ್ದೆ. ಪ್ರಯೋಗಾಲಯದ ಒಲೆಯ ಬಾಗಿಲು ಸರಿಯಾಗಿ ಕೂಡದೆ ಒಳಗಿನ ಶಾಖ ಸೋರಿತ್ತು. ಬಾಗಿಲಿಗೆ ಬಿಗಿಯಾಗಿ ಪಟ್ಟಿ ಕಟ್ಟಿಸಿ, ಅದೇ ಚೀಲದ ಕಲ್ಲಿದ್ದಲನ್ನು ಮತ್ತೆ ಸುಟ್ಟೆ. ಸರ್ಕಾರದವರು ಮೊದಲು ಹೇಳಿದ್ದ ದರ್ಜೆಯೇ ಬಂತು.

ಚಾಚಾಗೆ ತೋರಿಸಿದೆ. ಅವರು ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ, "ನಡಿ ಬೇಟಾ, ಈಗ ಸಾಹೇಬ್ರಿಗೆ ಹೇಳಿ ಬರೂಣು. ನಾನೂ ಬರ್ತೀನಿ" ಎಂದರು.

ಮ್ಯಾನೇಜರಿಗೆ ಸಿಟ್ಟು ಬಂತು. "ಕಾಗದ ಹೋಗೇತಲ್ರಿ! ಇನ್ನ ಸುಮ್ಮ ಕುಂಡ್ರೋದು ಛಲೋ. ಸರಕಾರದ ಲ್ಯಾಬಿನವ್ರು ಏನ ಹೇಳ್ತಾರ ನೋಡೂಣು."

"ಸಾಹೇಬ್ರ, ಅವರು ಹೇಳೂಕಿಂತ ಮೊದಲ ನಾವ ಹೇಳಿದ್ರ ಮುಂದಿನ ಸಲ ನಮ್ಮ ಮಾತಿಗೆ ಬೆಲಿ ಇರ್ತೈತಿ. ಗಣಿ ಹತ್ರ ಮಾದರಿ ಕಾಗದಕ್ಕ ಸಹಿ ಮಾಡಿ ಬಂದಾಂವ ನಾನು" ಎಂದರು ಚಾಚಾ.

ಮ್ಯಾನೇಜರು ಹೊಸ ಹಾಳೆ ಎಳೆದುಕೊಂಡರು. ನನ್ನ ಎರಡೂ ಲೆಕ್ಕಗಳನ್ನು ಸೇರಿಸಿ, ಒಲೆಯ ಬಾಗಿಲಿನಿಂದಾದ ತಪ್ಪು ನಮ್ಮದೇ ಇರಬಹುದೆಂದು ಗಣಿಯವರಿಗೂ ಸರ್ಕಾರಿ ಪ್ರಯೋಗಾಲಯಕ್ಕೂ ಬರೆದರು. ಅಷ್ಟರಲ್ಲಿ ಚೀಲ ಸರ್ಕಾರಿ ಪ್ರಯೋಗಾಲಯ ಸೇರಿಬಿಟ್ಟಿತ್ತು.

ಆ ಪ್ರಯೋಗಾಲಯದ ಅಧಿಕಾರಿಯೊಬ್ಬರು ಫೋನು ಮಾಡಿ ನನ್ನೊಂದಿಗೇ ಮಾತಾಡಬೇಕೆಂದರು. ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ಒಲೆಯ ಬಾಗಿಲಿನ ಬಗ್ಗೆ ವಿಚಾರಿಸಿ, ಶಾಖ ಪರೀಕ್ಷಿಸುವ ಬಗೆಯನ್ನು ಅರ್ಧ ತಾಸು ಸಮಾಧಾನದಿಂದ ಹೇಳಿಕೊಟ್ಟರು. ನಾನು ಹಳೆಯ ಕ್ಯಾಲೆಂಡರಿನ ಹಿಂದೆ ಎಲ್ಲ ಬರೆದುಕೊಂಡೆ.

ಸರ್ಕಾರಿ ಪ್ರಯೋಗಾಲಯದ ವರದಿ ಬಂದ ದಿನ ಮ್ಯಾನೇಜರು ನಮ್ಮಿಬ್ಬರನ್ನೂ ಕರೆದು ಎರಡು ಹಾಳೆ ಪಕ್ಕಪಕ್ಕ ಇಟ್ಟರು. ನನ್ನ ಎರಡನೇ ಲೆಕ್ಕಕ್ಕೂ ಅವರದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. "ಹೊಸಾ ಒಲಿಗೆ ಬರದೀನ್ರಿ" ಎಂದರು, ನಗುತ್ತಲೇ.

ಚಾಚಾಗೆ ಇಂಗ್ಲಿಷ್ ಬರುತ್ತಿರಲಿಲ್ಲ. "ಎಲ್ಲಾ ಓದಿ ಹೇಳು ಬೇಟಾ, ಒಂದೂ ಬಿಡಬ್ಯಾಡ" ಎಂದರು. ಹೊರಗೆ ಬೇವಿನ ನೆರಳಲ್ಲಿ ನಿಂತು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು, ಕೊನೆಗೆ ಸಹಿ ಮಾಡಿದವರ ಹುದ್ದೆಯನ್ನೂ ಬಿಡದೆ ಓದಿಸಿಕೊಂಡರು.