ಇಬೂತಿ ಹಚ್ಚಿಕೊಂಡ ಸಿಪಾಯಿಗಳು

ನನ್ನ ಹಳೆಯ ದಿನಚರಿಯ ಒಂದು ಪುಟದಲ್ಲಿ 'ಸೀಸ ಸಿಕ್ಕಿತು, ಆರು ಸವಾರರಿಗೆ ಸಾಕು' ಎಂದಿದೆ. ಅಕ್ಷರ ನನ್ನದೇ, ಶಾಯಿಯೂ ನನ್ನದೇ. ಎಲ್ಲಿ ಸಿಕ್ಕಿತು ಎಂದು ಮಾತ್ರ ಬರೆದಿಲ್ಲ. ನೆನಪನ್ನು ನಂಬಲಾರದೆ ದಿನಚರಿ ಬರೆಯಲು ಶುರು ಮಾಡಿದವನು ನಾನು. ಈ ಪುಟ ನೋಡಿದಾಗಲೆಲ್ಲ ದಿನಚರಿಯನ್ನೂ ಎಷ್ಟು ನಂಬಬೇಕೋ ತಿಳಿಯುವುದಿಲ್ಲ. ಹಾಗಾಗಿ ಆ ಒಂದು ವಾಕ್ಯದ ಹಿಂದೆ ಮುಂದೆ ನಡೆದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಖಾತ್ರಿಯಿಲ್ಲದ ಕಡೆ ಖಾತ್ರಿಯಿಲ್ಲ ಎಂದೇ ಹೇಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಲ್ಲಿ ಬಿ.ಎ. ಮುಗಿಸಿ ದಾವಣಗೆರೆಗೆ ಮರಳಿದ್ದೆ. ಅಪ್ಪನದು ಹತ್ತಿ ವ್ಯಾಪಾರ, ನನಗೆ ಅದು ಬೇಡವಾಗಿತ್ತು. ಏನು ಬೇಕು ಎಂಬುದು ನನಗೂ ಗೊತ್ತಿರಲಿಲ್ಲ. ಒಂದು ಹೈಸ್ಕೂಲಿನಲ್ಲಿ, ರಜೆ ಹಾಕಿದ ಮೇಷ್ಟರ ಬದಲಿಗೆ ಪಾಠ ಮಾಡುತ್ತಿದ್ದೆ. ಉಳಿದ ಹೊತ್ತು ಅರ್ಜಿ ಬರೆಯುವುದು, ಅಂಚೆಯವನು ಬರುವ ದಾರಿ ನೋಡುವುದು, ಅವನು ಬಂದು ಹೋದ ಮೇಲೆ ಸ್ಟೇಷನ್ನಿಗೆ ಹೋಗಿ ನಾನು ಹತ್ತದ ರೈಲು ನೋಡಿ ಬರುವುದು. ಒಂದು ಕಡೆ ಅರ್ಧ ಗಂಟೆ ಕೂತರೆ ಕಾಲು ತಾನಾಗಿ ಅಲ್ಲಾಡತೊಡಗುತ್ತಿತ್ತು. "ಕಾಲು ಅಲ್ಲಾಡಿಸಬ್ಯಾಡ, ಮನಿಗೆ ಒಳ್ಳೇದಲ್ಲ" ಎಂದು ಅಜ್ಜಿ, ಅಂದರೆ ಅಪ್ಪನ ತಾಯಿ, ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ಆ ದಿನಗಳಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಸೀಸದ ಸಿಪಾಯಿಗಳು. ಕಾಲೇಜಿನ ಲೈಬ್ರರಿಯಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆಯೊಂದು ಸಿಕ್ಕಿತ್ತು. ಮೀಸೆ ಬಂದ ಗಂಡಸರು ದೊಡ್ಡ ಮೇಜಿನ ಸುತ್ತ ಬಾಗಿ, ಬೆರಳುದ್ದದ ಸಿಪಾಯಿಗಳನ್ನು ಅಳತೆಪಟ್ಟಿಯಿಂದ ಅಳೆದು ಸರಿಸುತ್ತಿರುವ ಚಿತ್ರ ಅದರಲ್ಲಿತ್ತು. ಆಟದ ನಿಯಮಗಳನ್ನೂ ಕೊಟ್ಟಿದ್ದರು, ನಾನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ಊರಿಗೆ ಬಂದು ಅದನ್ನು ತೋರಿಸಿದ್ದು ಒಬ್ಬನಿಗೇ, ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನಿಗೆ. ಭಾನುವಳ್ಳಿಯ ರೈತರ ಮನೆಯವನು. ಹರಿಹರದ ಕಾರ್ಖಾನೆಯೊಂದರಲ್ಲಿ, ಎರಕದ ಅಚ್ಚಿಗೆ ಬೇಕಾದ ಮಾದರಿಗಳನ್ನು ಮರದಲ್ಲಿ ಕೆತ್ತುವ ಕೆಲಸ ಅವನದು. ನೋಟ್‌ಬುಕ್ ಓದಿ, "ಇದು ದೊಡ್ಡೋರು ಆಡೋ ಆಟ ಹೌದಿಲ್ಲೋ? ಆಮೇಲೆ ಮಂದಿ ನಕ್ರೆ ನೀನೇ ಹೊಣೆ" ಎಂದ. ಮುಂದಿನ ಭಾನುವಾರವೇ ಬಳಪದ ಕಲ್ಲಿನ ಎರಡು ಬಿಲ್ಲೆಗಳಲ್ಲಿ ಸಿಪಾಯಿಯ ಹಿಂದು ಮುಂದು ಕೆತ್ತಿಕೊಂಡು ಬಂದ.

ಎರಡು ಬಿಲ್ಲೆ ಜೋಡಿಸಿ ತಂತಿ ಸುತ್ತಿ, ಮೇಲಿನ ತೂತಿನಿಂದ ಕಾದ ಸೀಸ ಎರೆದರೆ ಒಬ್ಬ ಸಿಪಾಯಿ. ಬಂದೂಕು ಹಿಡಿದ ಕೈ ಮಾತ್ರ ಬೇರೆ ಅಚ್ಚಿನಲ್ಲಿ. ಅದನ್ನು ಅರಗು ಕಾಯಿಸಿ ಭುಜಕ್ಕೆ ಅಂಟಿಸಬೇಕು. ಮೊದಲ ಸೀಸ ಬಂದದ್ದು ಹರಿಹರದ ಹೊಳೆಯಲ್ಲಿ ಮೀನು ಹಿಡಿಯುವವರ ಒಂದು ಹರಿದ ಬಲೆಯಿಂದ. ಅದರ ಅಂಚಿನ ಗುಂಡುಗಳನ್ನೆಲ್ಲ ಗೆಳೆಯ ಕೇಳಿ ತಂದಿದ್ದ. ಕೆಂಪು ಅಂಗಿಯ ಪಡೆ ಅವನದು, ನೀಲಿ ನನ್ನದು. ಗಡಿಯಲ್ಲಿ ನಡೆದ ನಿಜವಾದ ಯುದ್ಧದ ಸುದ್ದಿ ಆಗಿನ್ನೂ ಜನರ ಬಾಯಲ್ಲಿತ್ತು. ನಾವು ಬೇಕೆಂದೇ ಯಾವ ದೇಶಕ್ಕೂ ಸೇರದ ಬಣ್ಣ ಆರಿಸಿದ್ದೆವು. ಹಾಗೆ ಮಾತಾಡಿಕೊಂಡೇ ಆರಿಸಿದೆವೋ, ಇದ್ದದ್ದು ಆ ಎರಡು ಡಬ್ಬಿ ಬಣ್ಣ ಮಾತ್ರವೋ, ಈಗ ಹೇಳಲಾರೆ.

ಪಡಸಾಲೆಯಲ್ಲಿ ಎರಡು ಹತ್ತಿಯ ಅಂಡಿಗೆಗಳ ಮೇಲೆ ಹಳೆಯ ಬಾಗಿಲ ಹಲಗೆ ಇಟ್ಟರೆ ರಣರಂಗ. ಗೋಣಿಚೀಲದ ಕೆಳಗೆ ಪುಸ್ತಕ ತುರುಕಿದರೆ ಗುಡ್ಡ. ಅಜ್ಜಿಯ ಹಳೆ ಸೀರೆಯಿಂದ ಹರಿದ ಪಟ್ಟಿ ಹೊಳೆ. ಪತ್ರಿಕೆಯವರು ದಾಳ ಬಳಸುತ್ತಿದ್ದರು, ನಾವು ಚೌಕಾಬಾರದ ಕವಡೆ ಬಳಸಿದೆವು. ನಿಯಮವೊಂದನ್ನು ನಾವೇ ಸೇರಿಸಿದ್ದೆವು: ಸತ್ತ ಸಿಪಾಯಿಯ ಸೀಸ ಗೆದ್ದವನದು. ಅವನು ಅದನ್ನು ಕರಗಿಸಿ ತನಗೆ ಬೇಕಾದ ಆಳು ಎರೆದುಕೊಳ್ಳಬಹುದು. ಸೀಸ ಇದ್ದದ್ದೇ ಅಷ್ಟು, ಬೇರೆ ದಾರಿ ಇರಲಿಲ್ಲ.

ಬಣ್ಣ ಬಳಿಯುವುದು ನನ್ನ ಪಾಲಿನ ಕೆಲಸ. ಸೀಸದ ಮೇಲೆ ಬಣ್ಣ ನೇರವಾಗಿ ನಿಲ್ಲುವುದಿಲ್ಲ, ಕೆಳಗೊಂದು ಬಿಳಿ ಲೇಪ ಬೇಕು. ಸುಣ್ಣ ಬಳಿದೆ, ಚಕ್ಕೆ ಎದ್ದಿತು. ಸೀಮೆಸುಣ್ಣ ಅರೆದು ಗೋಂದಿನಲ್ಲಿ ಕಲಸಿದೆ. ಕೆಂಪು ಪಡೆಗೆ ಅದು ಹೇಗೋ ಸಾಕಾಯಿತು, ಆದರೆ ಮುಖದ ಮೇಲೆ ಮರಳು ಮರಳು. ಒಬ್ಬನಿಗೆ ಚಲ್ಲಣ ಬಳಿದು ಎದ್ದು ಹೋಗುತ್ತಿದ್ದೆ, ಓಣಿಯ ತುದಿ ಮುಟ್ಟಿ ಬಂದು ಇನ್ನೊಬ್ಬನಿಗೆ ಟೋಪಿ. ಅಷ್ಟರಲ್ಲಿ ಕುಂಚ ಒಣಗಿ ಕಡ್ಡಿಯಾಗಿರುತ್ತಿತ್ತು. ನಯವಾದ ಬಿಳುಪು ಒಂದು ಸಿಕ್ಕರೆ ಒಂದೇ ಸಲ ಕೂತು ಮುಗಿಸಿಬಿಡುತ್ತೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ನಯವಾದ ಬಿಳುಪು ಅಜ್ಜಿಯ ತಗಡಿನ ಪೆಟ್ಟಿಗೆಯಲ್ಲಿತ್ತು. ತನ್ನ ಮಣ್ಣಿಗೆಂದು ಮಠದಿಂದ ತರಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ ವಿಭೂತಿ ಗಟ್ಟಿಗಳು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಗುಂಡಿಯಲ್ಲಿ ಕೂರಿಸಿ, ಸುತ್ತ ವಿಭೂತಿ ಇಟ್ಟು ಮಣ್ಣು ಮಾಡುತ್ತಾರೆ. ಅಜ್ಜಿ ಗಟ್ಟಿಮುಟ್ಟಾಗಿದ್ದಳು, ಆ ಗಟ್ಟಿಗಳಿಗೆ ಸದ್ಯಕ್ಕೆ ಕೆಲಸವಿರಲಿಲ್ಲ. ಎರಡನ್ನು ತೆಗೆದುಕೊಂಡೆ. ಅರೆದು ಗೋಂದಿನಲ್ಲಿ ಕಲಸಿ ನನ್ನ ನೀಲಿಯವರಿಗೆ ಬಳಿದೆ. ಎಂಥ ನುಣುಪು ಎಂದರೆ, ಅವತ್ತು ಎದ್ದು ಹೋಗಲೇ ಇಲ್ಲ. ತಪ್ಪು ಮಾಡುತ್ತಿದ್ದೇನೆ ಎಂದು ಅನ್ನಿಸಿತ್ತೇ? ದಿನಚರಿಯಲ್ಲಿ ಹಾಗೇನೂ ಇಲ್ಲ. 'ಹೊಸ ಲೇಪ ಅದ್ಭುತ' ಎಂದಿದೆ.

ಮುಂದಿನ ಭಾನುವಾರದ ಆಟದಲ್ಲಿ ನಾನು ಸೋತೆ. ಹತ್ತೊಂಬತ್ತು ನೀಲಿ ಸಿಪಾಯಿಗಳು ಬಿದ್ದರು. ಅವರ ಸೀಸ ಈಗ ಗೆಳೆಯನದು. ಅವನಿಗೆ ಕುದುರೆ ಸವಾರರು ಬೇಕಾಗಿದ್ದರು, ಅದಕ್ಕೆಂದೇ ಎರಡು ತಿಂಗಳಿಂದ ಹೊಸ ಅಚ್ಚು ಕೆತ್ತುತ್ತಿದ್ದ. ಸೀಸ ಕರಗಿಸಿಡುವ ಕೆಲಸ ನನಗೆ ಬಿಟ್ಟು ಅವನು ಸಂಜೆಯ ರೈಲಿಗೆ ಹೋದ. ಮಾರನೇ ದಿನ ನಾನು ಹಿತ್ತಲಲ್ಲಿ ಇದ್ದಿಲ ಒಲೆ ಹೊತ್ತಿಸುತ್ತಿದ್ದಾಗ ಅಜ್ಜಿ ಪೆಟ್ಟಿಗೆ ಹಿಡಿದುಕೊಂಡೇ ಬಂದಳು.

"ಇದ್ರಾಗ ಎರಡು ಗಟ್ಟಿ ಕಮ್ಮಿ ಅದಾವಲ್ಲೋ. ಇಲಿ ತಿಂತೇನು?"

"ಇಲಿ ಇಬೂತಿ ತಿನ್ನಲ್ಲಜ್ಜಿ."

"ಹಂಗಾರೆ ನೀನು ತಿಂದಿ."

ಸಿಪಾಯಿಗಳನ್ನು ತೋರಿಸಿದೆ. ಬಣ್ಣ ನಿಲ್ಲಲಿ ಅಂತ ಹಚ್ಚಿದೆ, ಬೇರೆ ತಂದುಕೊಡ್ತೀನಿ ಎಂದೆ. ಅವಳು ಒಬ್ಬನನ್ನು ಎತ್ತಿ ಉಗುರಿನಿಂದ ಕೆರೆದಳು. ನೀಲಿಯ ಕೆಳಗೆ ಬಿಳುಪು ಕಂಡಿತು.

"ಎಲ್ಲೆಲ್ಲಿ ಹಚ್ಚೀಯ?"

"ಮೈಗೆಲ್ಲ."

"ಕಾಲಿಗೂ?"

"ಬೂಟಿಗೂ, ಅಜ್ಜಿ."

ಬೈಗುಳಕ್ಕೆ ಕಾದೆ. ಅವಳು ಒಲೆಯತ್ತ ನೋಡಿದಳು. "ಈ ಬೆಂಕಿ ಯಾತಕ್ಕ?"

"ಸತ್ತೋರ್ನ ಕರಗಿಸಾಕೆ."

"ಇಬೂತಿ ಹಚ್ಚಿಗೊಂಡೋರ್ನ ಸುಡ್ತಾರೇನೋ? ಅಷ್ಟು ದೂರ ಹೋಗಿ ಓದಿ ಬಂದಿ, ಇಷ್ಟು ಗೊತ್ತಿಲ್ಲೇನು? ಆರಿಸು ಅದನ್ನ."

ದಾಸವಾಳದ ಗಿಡದ ಬುಡದಲ್ಲಿ ನನ್ನಿಂದ ಗುಂಡಿ ತೋಡಿಸಿದಳು. ನಾನು ಸಿಪಾಯಿಗಳನ್ನು ಮಲಗಿಸಲು ಹೋದೆ, ಕೈ ತಡೆದಳು. "ಕುಂದ್ರಸಬೇಕು." ನಿಂತ ಭಂಗಿಯಲ್ಲೇ ಎರೆದ ಸಿಪಾಯಿ ಹೇಗೆ ಕೂತಾನು? ಅವಳು ಹೆಬ್ಬೆರಳಿನಿಂದ ಒಬ್ಬೊಬ್ಬನ ಸೊಂಟ ಒತ್ತಿ, ಮೊಣಕಾಲು ಮಡಿಸಿ ಕೂರಿಸಿದಳು. ಸೀಸ ಮೆತ್ತಗೆ, ಬಾಗುತ್ತದೆ. ಇಬ್ಬರ ಕಾಲು ಮುರಿಯಿತು. "ಪಾಪ" ಎಂದಳು. ಹತ್ತೊಂಬತ್ತು ಜನರನ್ನೂ ಕೂರಿಸಿ ಮಣ್ಣು ಮುಚ್ಚಿಸಿ, ಮೇಲೊಂದು ದಾಸವಾಳ ಇಟ್ಟು ಒಳಗೆ ಹೋದಳು. ನನಗೆ ನಗು ಬಂದಿತ್ತು ಎಂದು ದಿನಚರಿ ಹೇಳುತ್ತದೆ. ಆಗಲೇ ಬಂದಿತ್ತೋ, ಗೆಳೆಯನಿಗೆ ಹೇಳಲೆಂದು ಸೇರಿಸಿದೆನೋ, ಅನುಮಾನ. ಅವನು ನನ್ನ ದಿನಚರಿಯ ಆಟದ ಪುಟಗಳನ್ನೆಲ್ಲ ಓದುತ್ತಿದ್ದ.

ಮುಂದಿನ ಭಾನುವಾರ ಅವನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮ ಮನ್ಯಾಗ ಸುಡ್ತಾರಪ್ಪ. ನನ್ನ ಪಡೆಗೆ ಆ ತೊಂದ್ರೆ ಇಲ್ಲ." ಆಮೇಲೆ, ನಗು ನಿಂತ ಮೇಲೆ, ಪುಣೆ ಕಡೆ ಕೆಲಸ ಸಿಕ್ಕಿದೆ, ಇನ್ನು ಎಂಟು ದಿನಕ್ಕೆ ಹೊರಡುತ್ತೇನೆ ಎಂದ. ನನಗೆ ಬರಬೇಕಾದ ಪತ್ರ ಅವನಿಗೆ ಬಂದಂತೆ ಅನ್ನಿಸಿತು. ಬಟ್ಟೆಯ ಗಂಟು ಬಿಚ್ಚಿ ಕುದುರೆ ಸವಾರನ ಅಚ್ಚು ನನ್ನ ಕೈಗಿಟ್ಟ. ಲಗಾಮು ಹಿಡಿದ ಬೆರಳುಗಳನ್ನೂ ಎಣಿಸಬಹುದಾಗಿತ್ತು.

"ಬರೋ ಭಾನುವಾರ ಕೊನೇ ಆಟ. ಸೀಸ ಸಿಕ್ರೆ ಎರೆದಿಡು," ಎಂದ. "ಸಿಗ್ಲಿಲ್ಲಂದ್ರೆ ಬ್ಯಾಡ ಬಿಡು."

ಕೊನೆಯ ಮಾತು ನನ್ನ ಕಿವಿಗೆ ಬಿದ್ದಿತ್ತು. ಆದರೂ ಬುಧವಾರ ಮಧ್ಯಾಹ್ನ, ಅಜ್ಜಿ ಉಂಡು ಮಲಗಿದ್ದಾಗ, ಗುಂಡಿ ಅಗೆದೆ. ಅವನು ತನ್ನ ಕುದುರೆಗಳನ್ನು ಒಮ್ಮೆಯಾದರೂ ಓಡಿಸಿ ಹೋಗಲಿ ಎಂಬ ಆಸೆ ಎಂದು ಬಹಳ ವರ್ಷ ನಂಬಿದ್ದೆ. ಈಗ ಅಷ್ಟು ನಂಬಿಕೆಯಿಲ್ಲ. ಆ ವಾರ ಕೈಗೆ ಏನಾದರೂ ಕೆಲಸ ಬೇಕಾಗಿತ್ತು, ಅಷ್ಟೇ ಇರಬಹುದು. ಕೂತಿದ್ದವರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಕಬ್ಬಿಣದ ಸೌಟಿಗೆ ಹಾಕಿದೆ. ಕರಗುವಾಗ ಬಣ್ಣ ಸುಟ್ಟು ಹೊಗೆಯೆದ್ದಿತು, ಸೀಸದ ಮೇಲೆ ಬೂದಿಯ ಕೆನೆ ಕಟ್ಟಿತು. ಅದನ್ನು ಚಮಚದಿಂದ ತೆಗೆದು ದಾಸವಾಳದ ಬುಡಕ್ಕೆ ಹಾಕಿದೆ. ಆರು ಸವಾರರು ಎದ್ದರು. ಸೀಮೆಸುಣ್ಣವನ್ನೇ ಬಟ್ಟೆಯಲ್ಲಿ ಸೋಸಿ ಲೇಪ ಹಾಕಿ, ಕೆಂಪು ಬಳಿದೆ.

ಆಮೇಲಿನ ಮೂರು ದಿನ ಹೇಗೆ ಕಳೆದೆನೋ. ಅಜ್ಜಿ ಬೆಳಿಗ್ಗೆ ಪೂಜೆ ಮುಗಿಸಿ ಬಂದು ಖಾಲಿ ಗುಂಡಿಯ ಮೇಲೆ ಹೂವಿಡುತ್ತಿದ್ದಳು. ಸೋಮವಾರ ಬಿಟ್ಟು ಬೇರೆ ದಿನ ಇಡುತ್ತಿರಲಿಲ್ಲ ಎಂದು ನನ್ನ ತಂಗಿ ಈಗ ವಾದಿಸುತ್ತಾಳೆ. ನನ್ನ ನೆನಪಿನಲ್ಲಿ ಮೂರೂ ದಿನ ಇಟ್ಟಿದ್ದಾಳೆ. ನಾನು ಹಿತ್ತಲ ಬಾಗಿಲಿಗೂ ಬೀದಿ ಬಾಗಿಲಿಗೂ ನಡುವೆ ನಡೆದಾಡುತ್ತಿದ್ದೆ. ಒಂದು ಸಂಜೆ ಸುಮ್ಮನೆ ಆವರಗೆರೆಯವರೆಗೆ ನಡೆದುಹೋಗಿ, ಯಾಕೆ ಬಂದೆ ಎಂದು ತಿಳಿಯದೆ ವಾಪಸು ಬಂದೆ. ಅವಳು ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಕೇಳಲಿಲ್ಲ. ನನ್ನ ಕಾಲು ಅಲ್ಲಾಡುತ್ತಿದ್ದದ್ದನ್ನು ನೋಡಿಯೂ ಆ ಮೂರು ದಿನ ಏನೂ ಅನ್ನಲಿಲ್ಲ.

ಭಾನುವಾರ ಗೆಳೆಯ ಬಂದ. ಸವಾರರನ್ನು ಒಬ್ಬೊಬ್ಬರನ್ನಾಗಿ ಬೆಳಕಿಗೆ ಹಿಡಿದು ನೋಡಿದ. ಆಟ ಶುರುವಾಯಿತು. ಅವನ ಕುದುರೆಗಳು ಸೀರೆಯ ಹೊಳೆ ದಾಟಿದವು. ನನ್ನ ಸರದಿಯಲ್ಲಿ ಕವಡೆ ನನಗೆ ಒಲಿಯಿತು, ಮೊದಲ ಸವಾರ ಸತ್ತ. ಸತ್ತವನನ್ನು ಹಲಗೆಯ ಅಂಚಿನಲ್ಲಿ ಮಲಗಿಸಬೇಕು. ನಾನು ಅವನನ್ನು ಎತ್ತಿದೆ, ಆದರೆ ಮಲಗಿಸಲು ಕೈ ಬರಲಿಲ್ಲ. ನಿಲ್ಲಿಸಿದೆ.

"ಮಲಗಸು ಮಾರಾಯ. ಸತ್ತಾನ ಅವನು."

"ಇವನ್ನ ಮಲಗಸಂಗಿಲ್ಲ."

"ಯಾಕ, ಇವನೂ ನಿಮ್ಮೋನೇನು?"

"ಹೌದು," ಎಂದೆ.

ಅವನು ನಗಲು ಬಾಯಿ ತೆರೆದವನು ನನ್ನ ಮುಖ ನೋಡಿದ. ಕೈಯಲ್ಲಿದ್ದ ಕವಡೆ ಕೆಳಗಿಟ್ಟ.

"ಗುಂಡಿ ಅಗದೀಯೇನು?"

"ಹ್ಞೂಂ."

"ಹರಕು ಬಲೆ ಇನ್ನೊಂದು ನೋಡಿಟ್ಟಿದ್ದೆ. ಒಂದು ಕಾರ್ಡು ಹಾಕಿದ್ರೆ ಗುಂಡು ತರ್ತಿದ್ದೆ. ಬ್ಯಾಡ ಬಿಡು ಅಂತ ಹೇಳಿರ್ಲಿಲ್ಲೇನು?" ಸತ್ತ ಸವಾರನನ್ನು ನನ್ನ ಕೈಗಿಟ್ಟು, "ಹೋಗು, ಅಜ್ಜಿಗೆ ಹೇಳು. ನಾ ಇರೋ ಹೊತ್ತಿಗೇ ಹೇಳು. ನಾ ಹೋದ ಮ್ಯಾಲೆ ಹೇಳಿದ್ರೆ ಎಲ್ಲಾ ನನ್ನ ತಲಿಗೆ ಕಟ್ತಿ" ಎಂದ.

ಅಜ್ಜಿ ಹಿತ್ತಲ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಸವಾರನನ್ನು ಅವಳ ಮೊರದ ಅಂಚಿನಲ್ಲಿಟ್ಟು ಎಲ್ಲ ಹೇಳಿದೆ. ಅವಳು ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ.

"ನೀ ಮಣ್ಣು ಮುಚ್ಚಿದ್ದು ಸರಿ ಇರ್ಲಿಲ್ಲ," ಎಂದಳು. "ಬುಡ ಎಲ್ಲಾ ಬೂದಿ."

"ಮತ್ತೆ ಹೂವು ಯಾಕ ಇಡ್ತಿದ್ದಿ?"

"ಇಡೋದು ನನ್ನ ಕೆಲಸ."

ಈ ಮಾತನ್ನು ಅವಳು ಆಗಲೇ ಆಡಿದಳೋ, ಅವಳ ಎಷ್ಟೋ ಮಾತುಗಳಿಂದ ಆಮೇಲೆ ನಾನೇ ಕಟ್ಟಿಕೊಂಡೆನೋ, ಆಣೆ ಮಾಡಿ ಹೇಳಲಾರೆ. ಮುಂದಿನದು ಮಾತ್ರ ಸ್ಪಷ್ಟವಾಗಿದೆ. ನನ್ನ ಹಿಂದೆ ಬಂದು ಬಾಗಿಲಲ್ಲಿ ನಿಂತಿದ್ದ ಗೆಳೆಯನನ್ನು, "ಬಾರಪ್ಪ ತಮ್ಮಾ, ಕೂಡು" ಎಂದು ಕರೆದಳು. ಸವಾರನನ್ನು ಕೈಗೆ ತೆಗೆದುಕೊಂಡು ಅತ್ತ ಇತ್ತ ತಿರುಗಿಸಿದಳು.

"ಇವ್ನು ಕುಂತಾನಲ್ಲ," ಎಂದಳು.

ನಾವಿಬ್ಬರೂ ನೋಡಿದೆವು. ಹೌದು, ಕುದುರೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ.

"ಆರೂ ಹಿಂಗೇ ಅದಾರೇನು?"

"ಆರೂ ಕುಂತಾರಜ್ಜಿ," ಎಂದ ಗೆಳೆಯ. "ನಾನೇ ಕೆತ್ತಿದ್ದು."

"ಹಂಗಾರೆ ಇವ್ರ ಕಾಲು ಮುರಿಯೋದು ಬ್ಯಾಡ."

ಆಟ ಮುಗಿಸಿ ಆಮೇಲೆ ಹೂಳಿರಿ ಎಂದು ಅವಳೇ ಹೇಳಿದಳು. ಆದರೆ ಆಟಕ್ಕೆ ಮರಳದೆ, ಒಳಗೆ ಹೋಗಿ ಉಳಿದ ಐವರನ್ನೂ ಬಟ್ಟೆಯಲ್ಲಿ ತಂದವನು ಗೆಳೆಯ. ಅವನ ಎರಡು ತಿಂಗಳ ಕೆತ್ತನೆ ಹಲಗೆಯ ಮೇಲೆ ಒಂದು ಗೇಣು ಓಡಿತ್ತು, ಅಷ್ಟೇ. ಗುಂಡಿ ಅಗೆದವನೂ ಅವನೇ, ನನಗೆ ಸಲಿಕೆ ಕೊಡಲಿಲ್ಲ. ಅಜ್ಜಿ ಒಬ್ಬೊಬ್ಬನನ್ನೂ ಕುದುರೆ ಸಮೇತ ಇಟ್ಟಳು. "ಕುದುರಿ?" ಎಂದು ಅವನು ಕೇಳಿದ. "ಇಳಿ ಅಂದ್ರೆ ಇಳಿಯಂಗಿಲ್ಲ ಅವ್ರು. ಇರ್ಲಿ," ಎಂದಳು. ಮಣ್ಣು ಮುಚ್ಚಿ ಕೈ ತೊಳೆದ ಮೇಲೆ ನನ್ನತ್ತ ತಿರುಗಿದಳು.

"ನನ್ನ ಎರಡು ಗಟ್ಟಿ ತಂದಿಡು. ನಾನೇನು ಕುದುರಿ ಮ್ಯಾಲೆ ಹೋಗಂಗಿಲ್ಲ."

ಗೆಳೆಯನನ್ನು ರೈಲಿಗೆ ಹತ್ತಿಸಿ ಅಲ್ಲಿಂದ ನೇರ ಮಠಕ್ಕೆ ಹೋದೆ. ಅಚ್ಚನ್ನು ಅವನು ಪುಣೆಗೆ ಒಯ್ದ. ಆ ಭಾನುವಾರದ ಪುಟದಲ್ಲಿ ಗೆದ್ದವರು, ಸೋತವರು ಎಂಬ ಜಾಗ ಖಾಲಿ ಇದೆ. ಗುಂಡಿಯನ್ನು ನಾನು ಮತ್ತೆ ಅಗೆದಿಲ್ಲ.

ಅಜ್ಜಿ ಹೋದದ್ದು ಅದಾದ ಎಷ್ಟೋ ವರ್ಷಗಳಿಗೆ. ಅವಳನ್ನು ಕೂರಿಸಿದ ಮೇಲೆ ಪೆಟ್ಟಿಗೆ ತಂದು, ಗಟ್ಟಿಗಳನ್ನು ಒಂದೊಂದಾಗಿ ಜಂಗಮರ ಕೈಗೆ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯವು ಬಟ್ಟೆಯಲ್ಲಿದ್ದು ಇದ್ದು ಸ್ವಲ್ಪ ಹಳದಿಗೆ ತಿರುಗಿದ್ದವು. ಎರಡು ಮಾತ್ರ ಬೆಳ್ಳಗಿದ್ದವು. ಅವನ್ನು ಕೊನೆಗೆ ಕೊಟ್ಟೆ.