ಸಿಂಫನಿಗೆ ಹೊದಿಸಿದ ಶಾಲು

ಗೆಳೆಯರೇ, ಸಿಂಫನಿಯ ನಡುವೆಯೇ ಸನ್ಮಾನ ಮಾಡಿದ ಊರು ಜಗತ್ತಿನಲ್ಲಿ ನಮ್ಮ ದಾವಣಗೆರೆ ಒಂದೇ ಇರಬೇಕು.

ಇವತ್ತು ಸಂಜೆ ಬೆಂಗಳೂರಿನ ವಾದ್ಯವೃಂದ ಸಿಂಫನಿಯ ಮೊದಲ ಭಾಗ ನುಡಿಸಿ ಒಂದು ಕ್ಷಣ ನಿಲ್ಲಿಸಿತು. ಸ್ವಾಗತ ಸಮಿತಿಯ ಅಧ್ಯಕ್ಷರು ನಮ್ಮ ಸೋದರಮಾವ, ಬಟ್ಟೆ ಅಂಗಡಿಯವರು. ಎಲ್ಲಾ ಮುಗಿಯಿತೆಂದುಕೊಂಡು ಶಾಲು, ಹಾರ, ಹಣ್ಣಿನ ಬುಟ್ಟಿ ಸಮೇತ ವೇದಿಕೆ ಹತ್ತಿಯೇಬಿಟ್ಟರು. ಮುಂದಿನ ಭಾಗಕ್ಕೆಂದು ಕೋಲು ಎತ್ತಿದ್ದ ವಾದ್ಯವೃಂದದ ನಿರ್ದೇಶಕರ ಹೆಗಲಿಗೆ ಹಿಂದಿನಿಂದಲೇ ಶಾಲು ಬಿತ್ತು.

“ಸರ್, ಮುಗಿದಿಲ್ಲ. ಇನ್ನೂ ಮೂರು ಭಾಗ ಇದೆ” ಎಂದರು ಅವರು.

ಮಾವ ಮೈಕ್ ಹಿಡಿದರು. “ಇನ್ನಾ ಮೂರು ಭಾಗ ಐತಂತ್ರಿ. ಚಿಂತಿ ಬ್ಯಾಡ, ಕಾರ್‌ನಾಗ ಶಾಲಿನ ಗಂಟೇ ಐತೆ. ಭಾಗಕ್ಕೊಂದು ಹೊದಿಸ್ತೀವಿ.”

ಸಭೆ ಚಪ್ಪಾಳೆ ತಟ್ಟಿತು. ನಿರ್ದೇಶಕರು ಬುಟ್ಟಿಯನ್ನು ಪಿಟೀಲಿನವರ ಕಾಲ ಬಳಿ ಇಟ್ಟು, ಉಳಿದ ಮೂರೂ ಭಾಗಗಳನ್ನು ನಡುವೆ ಉಸಿರಾಡಲೂ ಬಿಡದೆ ಒಂದೇ ಓಟದಲ್ಲಿ ಮುಗಿಸಿದರು. ಮಾವ ಮೂರು ಶಾಲು ಹಿಡಿದು ಮೆಟ್ಟಿಲ ಮೇಲೆ ಕಾದದ್ದೇ ಬಂತು.

“ಮನುಷ್ಯಗ ಒಂದೀಟು ಪುರಸೊತ್ತು ಬ್ಯಾಡೇನೋ?” ಎಂದು ದಾರಿಯುದ್ದಕ್ಕೂ ನನ್ನ ಹತ್ತಿರ ಗೊಣಗಿದರು.

ಪಾಪ, ಆ ನಿರ್ದೇಶಕರಿಗೆ ಒಂದೇ ಶಾಲಿಗೆ ಅರ್ಥವಾಗಿತ್ತು: ನಮ್ಮೂರ ವೇದಿಕೆಯ ಮೇಲೆ ಅರೆಗಳಿಗೆ ಸುಮ್ಮನಿದ್ದರೂ ಸನ್ಮಾನ ತಪ್ಪುವುದಿಲ್ಲ.