ಹಸೀನಾಳ ಕಾರಿನ ಎರಡು ಗ್ರಾಂ

ಕಳೆದ ಭಾನುವಾರ ಲಕ್ಷ್ಮೇಶ್ವರದಲ್ಲಿ ನಾನು ಕಬ್ಬಿಣದ ಪುಡಿ ತಿನ್ನುವುದು ಒಂದೇ ತುತ್ತಿನಲ್ಲಿ ತಪ್ಪಿತು.

ರೊಟ್ಟಿ ಗಂಟು ಬಿಚ್ಚಿದ್ದೆ. ಮೇಲಿನ ರೊಟ್ಟಿಯ ತುಂಬ ಕಪ್ಪು ಪುಡಿ ಹರಡಿತ್ತು. ಗುರೆಳ್ಳು ಹಿಂಡಿ ಚೆಲ್ಲಿರಬೇಕು ಅಂದುಕೊಂಡೆ. (ನಮ್ಮ ಕಡೆ ರೊಟ್ಟಿ ಹೊರಟಲ್ಲಿಗೆ ಈ ಚಟ್ನಿಪುಡಿಯೂ ಹೊರಡುತ್ತದೆ.) ಒಂದು ತುಂಡು ಮುರಿದು ಬಾಯಿಯ ಹತ್ತಿರ ತಂದೆ. ಪಕ್ಕದಲ್ಲಿದ್ದ ಹಸೀನಾ ನನ್ನ ಮಣಿಕಟ್ಟು ಹಿಡಿದಳು.

“ಸಿಸ್ಟರ್, ತಡೀರಿ! ಹಿಂಡಿ ಡಬ್ಬಿ ನನ್ನ ಚೀಲದಾಗ ಐತಿ.”

ಹಾಗಾದರೆ ಇದೇನು? ಇಬ್ಬರೂ ಒಟ್ಟಿಗೆ ಅವಳ ಪುಟ್ಟ ಕಟ್ಟಿಗೆ ಕಾರಿನ ಕಡೆ ನೋಡಿದೆವು. ಅದನ್ನು ಬಟ್ಟೆಯಲ್ಲಿ ಸುತ್ತಿ ರೊಟ್ಟಿ ಗಂಟಿನ ಮೇಲೆಯೇ ಕೂರಿಸಿಕೊಂಡು ತಂದಿದ್ದೆ. ಹಸೀನಾಳ ಮುಖ ಬಿಳುಚಿತು. ನನ್ನ ಮುಖ ಏನಾಯಿತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಸೀನಾ ಬೆಟಗೇರಿಯಲ್ಲಿ ನಮ್ಮ ಓಣಿಯವಳೇ. ಟೇಲರ್. ವಯಸ್ಸು ಅರವತ್ತು ದಾಟಿದೆ. ಓಣಿಯ ಅರ್ಧ ಹೆಂಗಸರ ಜಂಪರು ಅವಳ ಕೈಯಲ್ಲಿ ಹೊಲಿದದ್ದು. ನಾನು ಆಸ್ಪತ್ರೆಯ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದವಳು. ನೌಕರಿಯಿಂದ ನಿವೃತ್ತಿ ಸಿಕ್ಕಿತು, ‘ಸಿಸ್ಟರ್’ ಎಂಬ ಹೆಸರಿನಿಂದ ಸಿಗಲಿಲ್ಲ. ಅಭ್ಯಾಸಗಳಿಂದಲೂ ಸಿಗಲಿಲ್ಲ. ಬೆಳಿಗ್ಗೆ ಐದಕ್ಕೆ ಏಳುವುದು, ಹಾಸಿಗೆಯ ಮೂಲೆ ಮಡಚುವುದು, ಎಲ್ಲವನ್ನೂ ಅಳೆದು ಹಾಕುವುದು. ಓಣಿಗೆ ಇದೆಲ್ಲ ಹಳೆಯ ಸುದ್ದಿ.

ಲಕ್ಷ್ಮೇಶ್ವರದ ಕೆಲವು ಹವ್ಯಾಸಿಗಳು ಸೇರಿ ಒಂದು ಸ್ಪರ್ಧೆ ಇಟ್ಟಿದ್ದರು. ಅಂಗೈ ಉದ್ದದ ಕಟ್ಟಿಗೆಯ ಕಾರು. ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ. ಇಳಿಜಾರು ಹಲಗೆಯ ಮೇಲಿಂದ ಬಿಟ್ಟರೆ ತಾನೇ ಉರುಳಿ ಬರಬೇಕು. ಯಾವ ವಯಸ್ಸಿನವರಾದರೂ ಸೇರಬಹುದು. ತೂಕ ನೂರಾ ಐವತ್ತು ಗ್ರಾಂ ಮೀರಬಾರದು. ಬರೀ ಕಟ್ಟಿಗೆಯ ಕಾರು ಅದರ ಅರ್ಧವೂ ತೂಗುವುದಿಲ್ಲ. ಹಗುರ ಕಾರು ನಡುವೆಯೇ ನಿಧಾನವಾಗುತ್ತದೆ. ಅದಕ್ಕೇ ಎಲ್ಲರೂ ಕಾರಿನ ಹೊಟ್ಟೆಯಲ್ಲಿ ಗುಳಿ ತೋಡಿ ಲೋಹ ತುಂಬುತ್ತಾರೆ.

ಹಸೀನಾ ಸಾಗುವಾನಿ ತುಂಡು ಕೆತ್ತಿ ಕಾರು ಮಾಡಿದಳು. ಚಕ್ರಕ್ಕೆ ಕೋಟಿನ ದೊಡ್ಡ ಗುಂಡಿಗಳು. ಅಚ್ಚಿಗೆ ದಬ್ಬಣ. ತೂಕಕ್ಕೆ ಅವಳ ತಮ್ಮ ರಫೀಕನ ಲೇತ್ ಅಂಗಡಿಯಿಂದ ಕಬ್ಬಿಣದ ಪುಡಿ. ಪುಡಿಯ ಜೊತೆ ಅಕ್ಕನಿಗೆ ಒಂದು ಮಾತೂ ಬಂತು.

“ಆಪಾ, ಹೊಲಿಗಿ ಮಷಿನ್ ಬಿಟ್ಟು ಇದೇನು ಹುಚ್ಚು? ಕಡೀಕ ನಾನ ಮಾಡಿಕೊಡಬೇಕಾಗ್ತೈತಿ, ನೋಡ್ತಿರು.”

ರಫೀಕನೂ ಸ್ಪರ್ಧೆಗೆ ಹೆಸರು ಕೊಟ್ಟಿದ್ದ. ಹಸೀನಾ ತನ್ನ ಅರ್ಜಿ ತೆಗೆದಳು. ಅರ್ಜಿಯಲ್ಲಿ ‘ತಯಾರಿಸಿದವರು’ ಎಂಬ ಸಾಲಿತ್ತು. ಅಲ್ಲಿ ತನ್ನ ಹೆಸರನ್ನು ಎರಡು ಸಲ ಓದಿ, ನನಗೂ ಓದಿಸಿದಳು.

“ನಲವತ್ತು ವರ್ಷ ಹೊಲದೀನ್ರಿ ಸಿಸ್ಟರ್. ಒಂದು ಜಂಪರಿನ ಮ್ಯಾಲೂ ನನ್ನ ಹೆಸರಿಲ್ಲ.”

ಈ ಮಾತು ಕೇಳಿದ ಮೇಲಾದರೂ ನಾನು ಕೈ ಕಟ್ಟಿಕೊಂಡು ಕೂರಬೇಕಿತ್ತಲ್ಲವೇ?

ಅವಳು ಪುಡಿಯನ್ನು ಕರಗಿದ ಮೇಣದಲ್ಲಿ ಕಲಸಿ ಗುಳಿಗೆ ಸುರಿದಿದ್ದಳು. ಅದು ಗಟ್ಟಿಯಾಗಿ ಕೂತಿತ್ತು. ಶನಿವಾರ ಸಂಜೆ ಕಾರನ್ನೂ ಉಳಿದ ಪುಡಿಯ ಪೊಟ್ಟಣವನ್ನೂ ನನ್ನ ಮನೆಯಲ್ಲಿಟ್ಟಳು. ಅವಳ ಮನೆಯಲ್ಲಿ ನೆಂಟರಿದ್ದರು. “ಮುಟ್ಟಬ್ಯಾಡ್ರಿ ಮತ್ತ” ಅಂದೇ ಹೋದಳು.

ನಾನು ಮುಟ್ಟಲಿಲ್ಲ. ಬೆಳಿಗ್ಗೆ ಐದೂಕಾಲರವರೆಗೆ.

ಅಡುಗೆಮನೆಯ ತಕ್ಕಡಿಯ ಮೇಲೆ ಸುಮ್ಮನೆ ಇಟ್ಟು ನೋಡಿದೆ. ನೂರಾ ಐವತ್ತೆರಡು! ಎರಡು ಗ್ರಾಂ ಹೆಚ್ಚು! ಔಷಧ ಅಳೆದ ಕೈ ಇದು. ಹೆಚ್ಚು ಅಂದರೆ ತಪ್ಪು ಎಂದೇ ಕಲಿತದ್ದು. ಪಾಪ, ಹಸೀನಾ ಅಳತೆ ತಪ್ಪಿದ್ದಾಳೆ, ಅಲ್ಲಿ ಅವಮಾನವಾಗುವ ಮೊದಲು ಸರಿ ಮಾಡೋಣ ಅಂದುಕೊಂಡೆ. ಚಿಮಟದಿಂದ ಮೇಣವನ್ನೆಲ್ಲ ಕೆರೆದು ತೆಗೆದೆ. ಪೊಟ್ಟಣದ ಪುಡಿಯನ್ನು ಚಮಚೆಯಿಂದ ತುಂಬಿದೆ. ಮೇಲೆ ಹತ್ತಿ, ಅದರ ಮೇಲೆ ಪ್ಲಾಸ್ಟರ್ ಪಟ್ಟಿ. ತಕ್ಕಡಿ ಹೇಳಿತು: ನೂರಾ ಐವತ್ತು. ಒಂದು ಕೂದಲು ಹೆಚ್ಚಿಲ್ಲ, ಕಡಿಮೆ ಇಲ್ಲ. ಎಷ್ಟು ಸಮಾಧಾನವಾಯಿತು ಅಂತೀರಿ!

ಹಸೀನಾಗೆ ಹೇಳಲಿಲ್ಲ. ಒಳ್ಳೆಯ ಕೆಲಸವನ್ನು ಹೇಳಿಕೊಳ್ಳಬಾರದಂತೆ.

ಗದಗದಿಂದ ಹೊರಟ ಬಸ್ಸು ಶಿರಹಟ್ಟಿ ಮುಟ್ಟುವಷ್ಟರಲ್ಲಿ ನಮ್ಮ ಎಲುಬುಗಳೇ ಜಾಗ ಬದಲಿಸಿದ್ದವು. ಇನ್ನು ಸಡಿಲ ಪುಡಿ ಸುಮ್ಮನಿರುತ್ತದೆಯೇ? ಗುಳಿಯ ಅಂಚಿಗೆ ಪುಡಿ ಮೆತ್ತಿದ್ದರಿಂದ ಪ್ಲಾಸ್ಟರ್ ಸರಿಯಾಗಿ ಅಂಟಿರಲಿಲ್ಲ. ಒಂದೊಂದು ಕುಲುಕಿಗೂ ಒಂದಿಷ್ಟು ಹೊರಗೆ. ಬಟ್ಟೆಯ ಸಂದಿಯಿಂದ ರೊಟ್ಟಿಗೆ.

ಈಗ ರೊಟ್ಟಿಯ ಹತ್ತಿರ ವಾಪಸು ಬಂದೆವು.

ಹಸೀನಾ ಕಾರನ್ನು ಮಗುಚಿ ನೋಡಿದಳು. ಪ್ಲಾಸ್ಟರಿನ ನಾಲ್ಕೂ ಮೂಲೆಗಳನ್ನು ನಾನು ಒಳಕ್ಕೆ ಮಡಚಿದ್ದೆ. ಅಂಥ ಮೂಲೆಗಳನ್ನು ಓಣಿಯಲ್ಲಿ ಇನ್ಯಾರು ಮಡಚುತ್ತಾರೆ?

“ಇದಕ್ಕೇನು ಗಾಯ ಆಗಿತ್ತರೀ, ಸಿಸ್ಟರ್?”

ಒಪ್ಪಿಕೊಂಡೆ. ಎರಡು ಗ್ರಾಂ ಹೆಚ್ಚಿತ್ತು ಅಂದೆ. ಅವಳು ನನ್ನನ್ನೇ ನೋಡಿದಳು.

“ನನಗ ಗೊತ್ತಿಲ್ಲೇನ್ರಿ? ಬೇಕಂತಲೇ ಬಿಟ್ಟಿದ್ದೆ. ಜಂಪರ್ ಹೊಲಿಯೋವಾಗ ಒಳಗ ಒಂದಿಷ್ಟು ಬಟ್ಟಿ ಬಿಡ್ತೀವೋ ಇಲ್ಲೋ? ನಿಮ್ಮ ತಕ್ಕಡಿ ಬ್ಯಾರೆ, ಇವರ ತಕ್ಕಡಿ ಬ್ಯಾರೆ. ಹೆಚ್ಚಿದ್ರ ಇಲ್ಲೇ ಕಟಗಿ ಉಜ್ಜಿ ಇಳಸಬಹುದು. ಕಡಿಮಿ ಆದ್ರ ಎಲ್ಲಿಂದ ತರೂದು?”

ಚೀಲದಿಂದ ಉಸುಕಿನ ಕಾಗದ ತೆಗೆದು ತೋರಿಸಿದಳು. ಅದನ್ನು ಮನೆಯಿಂದಲೇ ತಂದಿದ್ದಳು!

ತೂಕದ ಮೇಜಿನಲ್ಲಿ ಕುಳಿತಿದ್ದ ಮಾಸ್ತರರು ಕಾರನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಝಳಝಳ. ಮೇಜಿನ ಮೇಲೆ ಇನ್ನಷ್ಟು ಪುಡಿ ಉದುರಿತು.

“ಅಮ್ಮಾರ, ಸಪ್ಪಳ ಬರಬಾರದು, ಏನೂ ಉದುರಬಾರದು. ಟ್ರ್ಯಾಕ್ ಕೆಡ್ತೈತಿ. ಹನ್ನೆರಡಕ್ಕ ಪಟ್ಟಿ ಬಂದ್. ಗಟ್ಟಿ ಮಾಡಿಕೊಂಡು ಬಂದ್ರ ನೋಡೋಣು.”

ಒಂದು ತಾಸು ಇತ್ತು. ರಫೀಕ ಪಕ್ಕದಲ್ಲೇ ನಿಂತಿದ್ದ. “ಆಪಾ, ನಾನು ಮಾಡಿಕೊಡ್ಲೇನು? ನನ್ನ ಹತ್ರ ತಗಡು, ಸ್ಕ್ರೂ ಎಲ್ಲಾ ಅದಾವು.” ನಿಜವಾದ ಪ್ರೀತಿಯಿಂದಲೇ ಕೇಳಿದ. ಆದರೆ ಹೂಂ ಅಂದರೆ ಅರ್ಜಿಯ ಆ ಸಾಲಿಗೆ ಏನು ಅರ್ಥ ಉಳಿಯುತ್ತದೆ? ಹಸೀನಾ ಬೇಡವೆಂದು ತಲೆ ಅಲ್ಲಾಡಿಸಿದಳು. ಕಣ್ಣು ಮಾತ್ರ ತುಂಬಿತ್ತು.

ಗಾಬರಿಯಾದಾಗ ಕೊರಳಿನ ಬೋರಮಾಳ ಸರ ಹಿಡಿದು ತಿರುಗಿಸುವುದು ನನ್ನ ಚಾಳಿ. ತಿರುಗಿಸುತ್ತಿದ್ದಂತೆ ಹೊಳೆಯಿತು. ಈ ಚಿನ್ನದ ಗುಂಡುಗಳು ಒಳಗೆ ಪೊಳ್ಳು. ನಜ್ಜಾಗಬಾರದೆಂದು ಪತ್ತಾರರು ಅವುಗಳಲ್ಲಿ ಅರಗು ತುಂಬುತ್ತಾರೆ. ನಮ್ಮ ಅವ್ವನ ಕೊರಳಿಗಿದ್ದು ನನ್ನ ಕೊರಳಿಗೆ ಬಂದ ಸರ. ಇಷ್ಟು ವರ್ಷದಲ್ಲಿ ಒಳಗಿನ ಅರಗು ಸದ್ದು ಮಾಡಿದ್ದುಂಟೇ?

“ಏಳು ಹಸೀನಾ, ಬಜಾರಕ್ಕ ಹೋಗೂಣು!”

ಬಜಾರದಲ್ಲಿ ಒಬ್ಬ ಪತ್ತಾರರ ಅಂಗಡಿ ಅರ್ಧ ಬಾಗಿಲು ತೆರೆದಿತ್ತು. ವಯಸ್ಸಾದವರು. ಕಾರನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

“ಈ ಕೈ ಎಷ್ಟೋ ಸರದ ಗುಂಡಿಗೆ ಅರಗು ತುಂಬೈತಿ. ಕಾರಿಗೆ ಇದ ಮೊದಲ ನೋಡ್ರಿ.”

“ನೀವು ಅರಗು ಕೊಡ್ರಿ, ಕೆಂಡ ಕೊಡ್ರಿ. ತುಂಬೂದು ನಾನು” ಅಂದಳು ಹಸೀನಾ.

ಪತ್ತಾರರಿಗೆ ಅರ್ಥವಾಯಿತು. ಸರಿದು ಜಾಗ ಬಿಟ್ಟರು. ಬಾಯಲ್ಲಿ ಮಾತ್ರ ಹೇಳಿಕೊಟ್ಟರು. ಗುಳಿಯಲ್ಲಿ ಉಳಿದಿದ್ದ ಪುಡಿಯನ್ನು ಹೊರಗೆ ಸುರಿಸಿ ತಗಡಿನ ಮೇಲೆ ಬಿಸಿ ಮಾಡಿಸಿದರು. ತಣ್ಣನೆಯ ಪುಡಿಗೆ ಅರಗು ಹಿಡಿಯುವುದಿಲ್ಲವಂತೆ. ಗುಳಿಯನ್ನು ಒರೆಸಿಸಿದರು. ಅರಗು ಕರಗಿ ಜೇನಿನಂತಾದಾಗ ಪುಡಿ ಕಲಸಿಸಿದರು. ಹಸೀನಾ ಕಡ್ಡಿಯಿಂದ ಅದನ್ನು ಹಿಂದಿನ ಗಾಲಿಗಳ ಕಡೆಗೆ ಒತ್ತಿ ಒತ್ತಿ ತುಂಬಿದಳು. ಮೇಲೆ ಬರೀ ಅರಗಿನ ಒಂದು ಪದರ. ಒದ್ದೆ ಬೆರಳಿನಿಂದ ಸವರಿದಳು. ಚೆಲ್ಲಿಹೋಗಿದ್ದ ಪುಡಿಯ ಜಾಗಕ್ಕೆ ಅರಗು ಬಂದಿತ್ತು.

“ಎಷ್ಟು ತೂಕ ಬೇಕ್ರಿ?” ಪತ್ತಾರರು ತಕ್ಕಡಿ ಮುಂದಕ್ಕೆ ತಂದರು.

ನನ್ನ ನಾಲಗೆಯ ತುದಿಯಲ್ಲಿ ‘ನೂರಾ ಐವತ್ತು, ಸರಿಯಾಗಿ’ ಇತ್ತು. ನುಂಗಿದೆ. (ನನ್ನ ಪಾಲಿಗೆ ಕಬ್ಬಿಣದ ಪುಡಿಗಿಂತ ಕಷ್ಟದ ತುತ್ತು.)

“ಐವತ್ತೆರಡು ಇರಲ್ರಿ” ಅಂದಳು ಹಸೀನಾ.

ಹನ್ನೆರಡಕ್ಕೆ ಏಳು ನಿಮಿಷವಿದ್ದಾಗ ಮೈದಾನ ಮುಟ್ಟಿದೆವು. ಮಾಸ್ತರರು ಅಲ್ಲಾಡಿಸಿದರು. ಸದ್ದಿಲ್ಲ. ಕೆಳಗೆ ಬಿಳಿ ಕಾಗದ ಹಿಡಿದು ಬಡಿದರು. ಒಂದು ಕಣವೂ ಇಲ್ಲ. ತಕ್ಕಡಿ ನೂರಾ ಐವತ್ತೊಂದು ತೋರಿಸಿತು. ಹಸೀನಾ ನಿಂತಲ್ಲೇ ಕಾರಿನ ತಳವನ್ನು ಉಸುಕಿನ ಕಾಗದದಿಂದ ಉಜ್ಜಿದಳು. ಮತ್ತೆ ತೂಗಿದರು: ನೂರಾ ಐವತ್ತು.

ಪಕ್ಕದ ಸಾಲಿನಲ್ಲಿ ರಫೀಕ ಬೆವರುತ್ತಿದ್ದ. ಅವನ ಅಂಗಡಿಯ ತಕ್ಕಡಿಯಲ್ಲಿ ಸರಿಯಾಗಿದ್ದ ಕಾರು ಇಲ್ಲಿ ಒಂದು ಗ್ರಾಂ ಹೆಚ್ಚು ತೂಗುತ್ತಿತ್ತು.

“ಆಪಾ, ಆ ಕಾಗದ ಒಂದೀಟು ಕೊಡು.”

“ಹೊಲಿಗಿ ಮಾಡೋರ ಸಾಮಾನು ನಿನಗ್ಯಾಕೋ?” ಅಂದಳು. ಕೊಟ್ಟಳು ಕೂಡ.

ಅಕ್ಕ ತಮ್ಮ ಒಂದೇ ಸುತ್ತಿನಲ್ಲಿ ಬಂದರು. ನಾಲ್ಕು ಕಾರು, ಒಂದು ಹಲಗೆ. ಅಡ್ಡಪಟ್ಟಿ ಸರಿಸಿದರು. ಮೊದಲ ಅರ್ಧ ರಫೀಕನದೇ ಮುಂದೆ. ಇಳಿಜಾರು ಮುಗಿದು ಸಮತಟ್ಟು ಬಂದಲ್ಲಿ ಅವನ ಕಾರು ಉಸಿರು ಬಿಟ್ಟಿತು. ಕೋಟಿನ ಗುಂಡಿಗಳ ಮೇಲೆ ಹಸೀನಾಳ ಕಾರು ಕಟಕಟ ಸದ್ದು ಮಾಡುತ್ತ ಬಂತು, ಬಂತು, ದಾಟಿತು! ಒಂದು ಗೇಣು ಮುಂದೆ! ನಾನು ಕೂಗಿದ ಕೂಗಿಗೆ ನನಗೇ ನಾಚಿಕೆಯಾಯಿತು. ವಾರ್ಡಿನಲ್ಲಿ ಯಾರಾದರೂ ಹಾಗೆ ಕೂಗಿದ್ದರೆ ನಾನೇ ಹೊರಗೆ ಕಳಿಸುತ್ತಿದ್ದೆ.

ಒಟ್ಟು ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಬಂತು. ಸೋತ ರಫೀಕ ಅಕ್ಕನ ಕಾರನ್ನು ಅಂಗೈ ಮೇಲೆ ಇಟ್ಟುಕೊಂಡು ಕಂಡಕಂಡವರಿಗೆಲ್ಲ ತೋರಿಸುತ್ತ ಹೊರಟ. “ನಮ್ಮ ಆಪಾ ಮಾಡಿದ್ರಿ ಇದು!”

ಮನೆಗೆ ಬಂದ ಮೇಲೆ ಯೋಚಿಸುತ್ತಿದ್ದೇನೆ. ನಾವು, ಅಚ್ಚುಕಟ್ಟಿನ ಜನ, ಇನ್ನೊಬ್ಬರ ಮನೆಯಲ್ಲಿ ಓರೆಯಾದ ಪಟ ನೇರ ಮಾಡುತ್ತೇವೆ. ಸೊಸೆ ಇಟ್ಟ ಡಬ್ಬಿಗಳನ್ನು ಸಾಲಾಗಿ ಜೋಡಿಸುತ್ತೇವೆ. ಹೀಗೇಕೆ ಇಟ್ಟಿದ್ದೀರಿ ಎಂದು ಕೇಳಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷಕ್ಕೆ ನಮ್ಮ ವೇಳಾಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ, ಯಾಕೆ?

ಅವತ್ತು ಬಹುಮಾನ ಕೊಡುವಾಗ ಮೈಕ್ ಹಿಡಿದಿದ್ದ ಯುವಕ ಹಸೀನಾಳನ್ನು ನಗುತ್ತ ಕೇಳಿದ, “ಅಮ್ಮಾರ, ಚಲೋ ಐತ್ರಿ ಕಾರು. ಯಾರು ಮಾಡಿಕೊಟ್ರು?”

ಹಸೀನಾ ಮೈಕನ್ನು ತನ್ನ ಕಡೆಗೆ ಎಳೆದುಕೊಂಡಳು.

“ಮಾಡಿದಾಕಿ ನಾನು. ಕೆಡಿಸಿದವರು ಇವರು, ನಮ್ಮ ಸಿಸ್ಟರ್. ಮತ್ತ ದುರಸ್ತಿಗೆ ಓಡಿದವರೂ ಇವರ.”

ಮೈದಾನವೆಲ್ಲ ನಕ್ಕಿತು. ನನ್ನ ಬಗ್ಗೆ ಮೈಕಿನಲ್ಲಿ ಯಾರಾದರೂ ಮಾತನಾಡಿದ್ದು ಅದೇ ಮೊದಲು; ತಿದ್ದೋಣವೆಂದರೆ ಒಂದು ಅಕ್ಷರವೂ ತಪ್ಪಿರಲಿಲ್ಲ.